ಕಾಫಿ ಅಂಗಡಿಗಳ ನಕ್ಷೆಯಿಂದ ನಾನು ಕಲಿತ ಲೆಕ್ಕ

ವ್ಯವಹಾರ ಅಧ್ಯಯನದ ಮಾರುಕಟ್ಟೆ ಪಾಠದಲ್ಲಿ ನಾಲ್ಕು 'ಪಿ'ಗಳು ಬರುತ್ತವೆ: ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್. ನಾವೆಲ್ಲ ಇವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೇವೆ. ಸರಕು, ಬೆಲೆ, ಪ್ರಚಾರ ಈ ಮೂರೂ ಬೇಗ ಅರ್ಥವಾಗುತ್ತವೆ. ಮೂರನೆಯದಾದ 'ಪ್ಲೇಸ್' ಮಾತ್ರ ನನಗೆ ಇಷ್ಟರಲ್ಲೇನಿದೆ ಎನ್ನಿಸುತ್ತಿತ್ತು. ಅಂಗಡಿ ಎಲ್ಲಾದರೂ ಒಂದು ಕಡೆ ಇರಲೇಬೇಕಲ್ಲ! ಆದರೆ ಈ ವರ್ಷ ನಮ್ಮ ಮನೆಯಲ್ಲಿ ಅದೇ ದೊಡ್ಡ ಪ್ರಶ್ನೆಯಾಯಿತು.

ಹಳೆ ಬಸ್ ನಿಲ್ದಾಣದ ಎದುರು ಅಬ್ಬು ಅವರದೊಂದು ಚಿಕ್ಕ ಚಹಾ ಹೋಟೆಲಿದೆ. ಬಸ್ ನಿಲ್ದಾಣ ಊರ ಹೊರಗಿನ ರಿಂಗ್ ರಸ್ತೆಗೆ ಹೋಗುತ್ತದೆ ಎಂದು ಗೊತ್ತಾದ ದಿನದಿಂದ ಊಟಕ್ಕೆ ಕೂತಾಗಲೆಲ್ಲ ಇದೇ ಮಾತು. ಭಾಯಿಜಾನ್ "ನಾವೂ ಅಲ್ಲಿಗೇ ಹೋಗೋಣ" ಎನ್ನುತ್ತಾನೆ. ಅಮ್ಮಿ "ಇಪ್ಪತ್ತು ವರ್ಷದ ಜಾಗ ಬಿಡೋದು ಹೇಗೆ" ಎನ್ನುತ್ತಾರೆ. ಅಬ್ಬು ಏನೂ ಹೇಳುವುದಿಲ್ಲ. ಲೆಕ್ಕದ ಪುಸ್ತಕ ಬರೆಯುವುದು ನಾನಾದ್ದರಿಂದ ನನ್ನ ಮುಖ ನೋಡುತ್ತಾರೆ.

ಅದೇ ಸಮಯಕ್ಕೆ ಕಾಲೇಜಿನಲ್ಲಿ ಪ್ರಾಜೆಕ್ಟ್ ಕೊಟ್ಟರು. ಯಾವುದಾದರೂ ಕಂಪನಿಯನ್ನು ತೆಗೆದುಕೊಂಡು ನಾಲ್ಕು ಪಿಗಳಲ್ಲಿ ಒಂದನ್ನು ವಿವರಿಸಬೇಕಿತ್ತು. ನಾನು 'ಪ್ಲೇಸ್' ಆರಿಸಿಕೊಂಡೆ. ಉದಾಹರಣೆಗೆ ದೇಶದ ತುಂಬ ಅಂಗಡಿ ತೆರೆದ ನಮ್ಮ ರಾಜ್ಯದ್ದೇ ಆದ ಕೆಫೆ ಕಾಫಿ ಡೇ ತೆಗೆದುಕೊಂಡೆ, ಹೋಲಿಕೆಗೆ ಸ್ಟಾರ್‌ಬಕ್ಸ್ ಇಟ್ಟುಕೊಂಡೆ. ಆ ಪ್ರಾಜೆಕ್ಟ್‌ನಲ್ಲಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೆಳೆಯುವ ಊರು ಬೇರೆ, ಮಾರುವ ಊರು ಬೇರೆ

ನಮ್ಮ ದೇಶದ ಕಾಫಿಯಲ್ಲಿ ಸುಮಾರು ಶೇಕಡ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರು ಜಿಲ್ಲೆಗಳದೇ ಅದರಲ್ಲಿ ಪ್ರಮುಖ ಪಾಲು. ಹದಿನೇಳನೆಯ ಶತಮಾನದಲ್ಲಿ ಸೂಫಿ ಸಂತ ಬಾಬಾ ಬುಡನ್ ಅವರು ಹಜ್ ಯಾತ್ರೆಯಿಂದ ಮರಳುವಾಗ ಯೆಮನ್ ದೇಶದ ಮೋಕಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರು ಎಂಬ ಪ್ರತೀತಿ ಇದೆ. ಆ ಗಿರಿಗೆ ಇಂದಿಗೂ ಅವರದೇ ಹೆಸರು.

ಹಾಗಾದರೆ ಕಾಫಿ ಅಂಗಡಿಗಳು ಚಿಕ್ಕಮಗಳೂರಿನಲ್ಲೋ ಮಡಿಕೇರಿಯಲ್ಲೋ ಶುರುವಾಗಿ ಅಲ್ಲೇ ಹೆಚ್ಚಾಗಬೇಕಿತ್ತು. ಹಾಗೆ ಆಗಲಿಲ್ಲ. ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮನೆತನದ ವಿ. ಜಿ. ಸಿದ್ಧಾರ್ಥ ಅವರು ಮೊದಲ ಕೆಫೆ ಕಾಫಿ ಡೇ ತೆರೆದದ್ದು 1996ರಲ್ಲಿ, ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ. ಆಗ ಇಂಟರ್ನೆಟ್ ಹೊಸದು, ಮನೆಗಳಲ್ಲಿ ಇರಲಿಲ್ಲ. ಕಾಫಿ ಕುಡಿಯುತ್ತ ಇಂಟರ್ನೆಟ್ ನೋಡುವ ಜಾಗವಾಗಿ ಅದು ಆರಂಭವಾಯಿತು. ಇಂಟರ್ನೆಟ್‌ಗೆ ದುಡ್ಡು ಕೊಡುವ ಯುವಕರು ಓಡಾಡುತ್ತಿದ್ದದ್ದು ಬ್ರಿಗೇಡ್ ರಸ್ತೆಯಲ್ಲಿಯೇ ಹೊರತು ತೋಟದ ಊರಿನಲ್ಲಿ ಅಲ್ಲ.

ಸ್ಟಾರ್‌ಬಕ್ಸ್ ಕಥೆ ಇನ್ನೂ ಸ್ಪಷ್ಟವಾಗಿದೆ. ಅಮೆರಿಕದ ಸಿಯಾಟಲ್ ನಗರದ ಈ ಕಂಪನಿ ಟಾಟಾ ಜೊತೆ ಸಮಪಾಲು ಹಾಕಿ ಭಾರತಕ್ಕೆ ಬಂತು. ಅದರ ಕಾಫಿ ಬೀಜ ನಮ್ಮ ಕರ್ನಾಟಕದ ಟಾಟಾ ತೋಟಗಳದ್ದು. ಆದರೆ ಮೊದಲ ಅಂಗಡಿ ತೆರೆದದ್ದು 2012ರ ಅಕ್ಟೋಬರ್‌ನಲ್ಲಿ ಮುಂಬೈನ ಹಾರ್ನಿಮನ್ ಸರ್ಕಲ್‌ನಲ್ಲಿ. ಆಮೇಲೆ ದೆಹಲಿ, ಪುಣೆ. ಬೆಂಗಳೂರಿಗೆ ಬರಲು 2013ರ ನವೆಂಬರ್ ಆಯಿತು. ಬೀಜ ಇಲ್ಲಿಂದ ಹೋಗಿ ಮುಂಬೈನಲ್ಲಿ ಕಾಫಿಯಾಗಿ ಒಂದು ವರ್ಷ ಕಳೆದ ಮೇಲೆ ಅಂಗಡಿ ನಮ್ಮ ರಾಜ್ಯಕ್ಕೆ ಬಂತು!

ಇದಕ್ಕೆ ಕಾರಣ ಸುಲಭ. ಕಾಫಿ ಬೀಜವನ್ನು ಲಾರಿಯಲ್ಲಿ ಎಲ್ಲಿಗೆ ಬೇಕಾದರೂ ಸಾಗಿಸಬಹುದು, ಬೇಗ ಕೆಡುವುದೂ ಇಲ್ಲ. ಗಿರಾಕಿಯನ್ನು ಹಾಗೆ ಸಾಗಿಸಲು ಆಗುವುದಿಲ್ಲ. ಆದ್ದರಿಂದ ಅಂಗಡಿ ಗಿರಾಕಿ ಇರುವಲ್ಲಿಗೆ ಹೋಗುತ್ತದೆ. ಅದೂ ಅಲ್ಲದೆ ಕಾಫಿ ಬೆಳೆಯುವ ಊರಿನಲ್ಲಿ ಮನೆಮನೆಯಲ್ಲೂ ಒಳ್ಳೆಯ ಫಿಲ್ಟರ್ ಕಾಫಿ ಇರುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯಂತೆ, ಮನೆಯಲ್ಲಿ ಸಿಗುವುದಕ್ಕೆ ಹೊರಗೆ ಹೆಚ್ಚು ದುಡ್ಡು ಯಾರೂ ಕೊಡುವುದಿಲ್ಲ.

ಒಂದು ಕಪ್ ಕಾಫಿಯಲ್ಲಿ ಬಾಡಿಗೆ ಎಷ್ಟು?

ಗಿರಾಕಿ ಇದ್ದರೆ ಸಾಲದು, ಎಂಥ ಗಿರಾಕಿ ಎಂಬುದೂ ಮುಖ್ಯ. ಇದನ್ನು ತಿಳಿಯಲು ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ನಾನೇ ಇಟ್ಟುಕೊಂಡವು.

ಒಂದು ನಗರದ ಕಾಫಿ ಅಂಗಡಿಗೆ ತಿಂಗಳ ಬಾಡಿಗೆ 1,50,000 ರೂಪಾಯಿ, ಕೆಲಸಗಾರರ ಸಂಬಳ 1,00,000, ಕರೆಂಟು ಮತ್ತಿತರ ಖರ್ಚು 30,000 ಎಂದುಕೊಳ್ಳಿ. ಒಟ್ಟು 2,80,000 ರೂಪಾಯಿ. ಒಂದು ಕಪ್ಪೂ ಮಾರದಿದ್ದರೂ ಇದನ್ನು ಕೊಡಲೇಬೇಕು. ಇದೇ ನಾವು ಓದಿರುವ ಸ್ಥಿರ ವೆಚ್ಚ. ಒಂದು ಕಪ್ ಬೆಲೆ 200 ರೂಪಾಯಿ, ಅದಕ್ಕೆ ಬೇಕಾದ ಬೀಜ, ಹಾಲು, ಸಕ್ಕರೆ, ಲೋಟ ಎಲ್ಲ ಸೇರಿ 60 ರೂಪಾಯಿ ಎಂದರೆ ಕಪ್ಪಿಗೆ 140 ರೂಪಾಯಿ ಉಳಿಯುತ್ತದೆ. 2,80,000 ಅನ್ನು 140ರಿಂದ ಭಾಗಿಸಿದರೆ 2,000. ಅಂದರೆ ತಿಂಗಳಿಗೆ 2,000 ಕಪ್, ದಿನಕ್ಕೆ ಸುಮಾರು 67 ಕಪ್ ಮಾರಿದರೆ ಲಾಭವೂ ಇಲ್ಲ ನಷ್ಟವೂ ಇಲ್ಲ. ಇದಕ್ಕೆ ಬ್ರೇಕ್ ಈವನ್ ಎನ್ನುತ್ತಾರೆ.

ದಿನಕ್ಕೆ 67 ಎಂದರೆ ಕಡಿಮೆ ಎನ್ನಿಸುತ್ತದೆ. ಆದರೆ ಒಂದು ಕಾಫಿಗೆ 200 ರೂಪಾಯಿ ಕೊಡುವ 67 ಜನ ಪ್ರತಿ ದಿನವೂ ಬರಬೇಕು. ನಮ್ಮ ಊರಿನ ಯಾವ ರಸ್ತೆಯಲ್ಲಿ ಅಷ್ಟು ಜನ ಸಿಗುತ್ತಾರೆ? ನಮ್ಮ ತರಗತಿಯಲ್ಲಿ ಕೇಳಿದಾಗ ಅಂಥ ಅಂಗಡಿಗೆ ಒಮ್ಮೆಯಾದರೂ ಹೋದವರು ಆರು ಜನ, ಅವರೂ ಬೆಂಗಳೂರು ಅಥವಾ ಮಂಗಳೂರಿನಲ್ಲಿ ನೆಂಟರ ಜೊತೆ ಹೋದವರು.

ಇನ್ನೊಂದು ವಿಷಯವಿದೆ. ಆ 200 ರೂಪಾಯಿ ಕಾಫಿಗೆ ಮಾತ್ರ ಅಲ್ಲ. ತಂಪಾದ ಕೋಣೆಯಲ್ಲಿ ಒಂದು ಗಂಟೆ ಕೂರಲು, ಮೀಟಿಂಗ್ ಮಾಡಲು, ಲ್ಯಾಪ್‌ಟಾಪ್ ತೆರೆದು ಕೆಲಸ ಮಾಡಲು ಕೊಡುವ ಬಾಡಿಗೆಯೂ ಅದರಲ್ಲಿ ಸೇರಿದೆ. ಆದ್ದರಿಂದ ಕೂರಲು ಜಾಗ ಹುಡುಕುವವರು ಎಲ್ಲಿದ್ದಾರೋ ಅಲ್ಲಿ ಈ ಅಂಗಡಿಗಳು ಇರುತ್ತವೆ: ಐಟಿ ಕಂಪನಿಗಳ ಆವರಣ, ಮಾಲ್, ವಿಮಾನ ನಿಲ್ದಾಣ, ದೊಡ್ಡ ಆಸ್ಪತ್ರೆ. ಹೆದ್ದಾರಿಯಲ್ಲಿ ಕಾರು ನಿಲ್ಲಿಸುವವರಿಗೆ ಕಾಫಿಗಿಂತ ಮೊದಲು ಬೇಕಾದದ್ದು ಪಾರ್ಕಿಂಗ್ ಮತ್ತು ಸ್ವಚ್ಛ ಶೌಚಾಲಯ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಕಾಫಿ ಡೇ ಅಂಗಡಿಗಳು ಬಂದದ್ದು ಇದೇ ಲೆಕ್ಕದಲ್ಲಿ.

ಹರಡುವುದೋ, ಗುಂಪಾಗುವುದೋ?

ದೇಶದ ನಕ್ಷೆಯ ಮೇಲೆ ಅಂಗಡಿಗಳಿಗೆ ಒಂದೊಂದು ಚುಕ್ಕಿ ಇಟ್ಟರೆ ಎರಡು ಬಗೆ ಕಾಣುತ್ತದೆ. ಒಂದು, ಹೆಚ್ಚು ಊರುಗಳಿಗೆ ತೆಳ್ಳಗೆ ಹರಡುವುದು. ಇನ್ನೊಂದು, ಕೆಲವೇ ನಗರಗಳಲ್ಲಿ ಗುಂಪಾಗಿ ನಿಲ್ಲುವುದು.

2024ರ ಮಾರ್ಚ್ ಕೊನೆಗೆ ಕೆಫೆ ಕಾಫಿ ಡೇಗೆ 141 ಊರುಗಳಲ್ಲಿ 450 ಅಂಗಡಿಗಳಿದ್ದವು. ಭಾಗಿಸಿದರೆ ಊರಿಗೆ ಸುಮಾರು 3. ಅದೇ ದಿನಕ್ಕೆ ಸ್ಟಾರ್‌ಬಕ್ಸ್‌ಗೆ 61 ಊರುಗಳಲ್ಲಿ 421 ಅಂಗಡಿಗಳು. ಅಂದರೆ ಊರಿಗೆ ಸುಮಾರು 7. ಅಂಗಡಿಗಳ ಸಂಖ್ಯೆ ಹತ್ತಿರ ಹತ್ತಿರವಿದ್ದರೂ ನಕ್ಷೆ ಬೇರೆ ಬೇರೆ. ಇದು ಸರಾಸರಿ ಮಾತ್ರ ಎಂಬುದನ್ನು ಮರೆಯಬಾರದು. ದೊಡ್ಡ ನಗರದಲ್ಲಿ ಹತ್ತಾರು ಅಂಗಡಿಗಳಿದ್ದು ಸಣ್ಣ ಊರಿನಲ್ಲಿ ಒಂದೇ ಇರುತ್ತದೆ.

ಒಂದೇ ನಗರದಲ್ಲಿ ಒಂದೇ ಕಂಪನಿ ಹತ್ತಿರ ಹತ್ತಿರ ಅಂಗಡಿ ಇಟ್ಟರೆ ಒಂದರ ಗಿರಾಕಿಯನ್ನು ಇನ್ನೊಂದು ಕಸಿಯುವುದಿಲ್ಲವೇ? ಸ್ವಲ್ಪ ಕಸಿಯುತ್ತದೆ. ಆದರೆ ಲಾಭವೂ ಇದೆ. ಒಂದೇ ವಾಹನ ಬೆಳಿಗ್ಗೆ ಹೊರಟು ಹತ್ತು ಅಂಗಡಿಗಳಿಗೆ ಹಾಲು, ಕೇಕು ಇಳಿಸಬಹುದು. ಒಬ್ಬ ಮೇಲ್ವಿಚಾರಕ ಎಲ್ಲವನ್ನೂ ನೋಡಿಕೊಳ್ಳಬಹುದು. ಒಂದು ಅಂಗಡಿಯಲ್ಲಿ ಕೆಲಸಗಾರ ರಜೆ ಹಾಕಿದರೆ ಪಕ್ಕದಿಂದ ಕಳಿಸಬಹುದು. ನಡುವೆ ಡಿವೈಡರ್ ಇರುವ ದೊಡ್ಡ ರಸ್ತೆಯಲ್ಲಿ ಆ ಕಡೆಯ ಗಿರಾಕಿ ಒಂದು ಕಪ್ ಕಾಫಿಗಾಗಿ ಈ ಕಡೆ ದಾಟಿ ಬರುವುದಿಲ್ಲ. ದೂರದ ಊರಿನಲ್ಲಿ ಒಂದೇ ಅಂಗಡಿ ಇಟ್ಟರೆ ಅದೊಂದಕ್ಕಾಗಿ ವಾಹನ, ಗೋದಾಮು ಎಲ್ಲದರ ಖರ್ಚು ಬೀಳುತ್ತದೆ.

ಹಾಗೆಂದು ಗುಂಪಾಗಿಯೇ ಇರಲೂ ಆಗುವುದಿಲ್ಲ. ದೊಡ್ಡ ನಗರದಲ್ಲಿ ಒಳ್ಳೆಯ ಜಾಗಗಳು ಮುಗಿಯುತ್ತವೆ, ಬಾಡಿಗೆ ಏರುತ್ತದೆ, ಪಕ್ಕದಲ್ಲಿ ಬೇರೆ ಕಂಪನಿ ಬರುತ್ತದೆ. 2025ರ ಮಾರ್ಚ್ ಕೊನೆಗೆ ಸ್ಟಾರ್‌ಬಕ್ಸ್ ಅಂಗಡಿಗಳು 479 ಆದವು, ಊರುಗಳು 80 ಆದವು. ಒಂದು ವರ್ಷದಲ್ಲಿ 58 ಅಂಗಡಿಗಳು, 19 ಊರುಗಳು ಹೆಚ್ಚಾದವು. ಊರಿಗೆ 7 ಇದ್ದ ಸರಾಸರಿ 6ಕ್ಕೆ ಇಳಿಯಿತು. ಗುಂಪಾಗಿದ್ದ ನಕ್ಷೆ ಈಗ ಸಣ್ಣ ನಗರಗಳ ಕಡೆಗೆ ಹರಡುತ್ತಿದೆ ಎಂದು ಈ ಒಂದು ಭಾಗಾಕಾರವೇ ಹೇಳುತ್ತದೆ.

ನಕ್ಷೆಯ ಚುಕ್ಕಿಗಳು ಅಳಿಸಿಹೋದಾಗ

ಪ್ರಾಜೆಕ್ಟ್ ಮಾಡುವಾಗ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅಂಗಡಿಗಳು ಹೆಚ್ಚಾದ ಕಥೆಯಲ್ಲ, ಕಡಿಮೆಯಾದ ಕಥೆ. 2019ರಲ್ಲಿ ಕೆಫೆ ಕಾಫಿ ಡೇಗೆ 1,752 ಅಂಗಡಿಗಳಿದ್ದವು. 2024ಕ್ಕೆ ಉಳಿದದ್ದು 450. ಐದು ವರ್ಷದಲ್ಲಿ ನಾಲ್ಕರಲ್ಲಿ ಮೂರು ಪಾಲು ಇಲ್ಲವಾಯಿತು.

2019ರಲ್ಲಿ ಆ ಕಂಪನಿಯ ಇಡೀ ಸಮೂಹದ ಮೇಲೆ 7 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಸಾಲವಿತ್ತು. ಆ ವರ್ಷದ ಜುಲೈ ಕೊನೆಯಲ್ಲಿ ಸಿದ್ಧಾರ್ಥ ಅವರು ತೀರಿಕೊಂಡರು. ಸಾಲ ತೀರಿಸಲು ಬೆಂಗಳೂರಿನ ಟೆಕ್ ಪಾರ್ಕ್ ಸೇರಿದಂತೆ ಆಸ್ತಿಗಳನ್ನು ಮಾರಬೇಕಾಯಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಕೂರಲು ಜಾಗ ಕೊಡುವುದೇ ವ್ಯಾಪಾರವಾಗಿದ್ದ ಅಂಗಡಿಗಳಲ್ಲಿ ಯಾರೂ ಕೂರುವಂತಿರಲಿಲ್ಲ. ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರೇ ತಿಂಗಳಲ್ಲಿ 280 ಅಂಗಡಿಗಳನ್ನು ಮುಚ್ಚಿದರು. ಲಾಭ ಕಡಿಮೆ ಇದ್ದ ಅಂಗಡಿಗಳು ಮೊದಲು ಹೋದವು. ಆಮೇಲೂ ಮುಚ್ಚುವುದು ನಿಲ್ಲಲಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಸ್ಥಿರ ವೆಚ್ಚ. ಗಿರಾಕಿ ಬರದಿದ್ದರೆ ಹಾಲಿನ ಖರ್ಚು ತಾನಾಗಿಯೇ ನಿಲ್ಲುತ್ತದೆ. ಬಾಡಿಗೆ ಮತ್ತು ಸಾಲದ ಕಂತು ನಿಲ್ಲುವುದಿಲ್ಲ. ಅಂಗಡಿಗಳು ಹೆಚ್ಚಿದಷ್ಟೂ ಆ ಭಾರವೂ ಹೆಚ್ಚು.

ಆದರೆ ಅದೇ ಕಂಪನಿಯ ಇನ್ನೊಂದು ನಕ್ಷೆ ಬೇರೆ ಕಥೆ ಹೇಳುತ್ತದೆ. ಆಫೀಸು, ಆಸ್ಪತ್ರೆಗಳಲ್ಲಿ ಗುಂಡಿ ಒತ್ತಿದರೆ ಕಾಫಿ ಬರುವ ಯಂತ್ರಗಳನ್ನು ನೋಡಿರುತ್ತೀರಿ. 2024ರ ಮಾರ್ಚ್‌ನಲ್ಲಿ ಅವರ ಅಂಥ ಯಂತ್ರಗಳು 50 ಸಾವಿರಕ್ಕೂ ಹೆಚ್ಚು ಇದ್ದವು. ಯಂತ್ರ ಇರುವುದು ಬೇರೆಯವರ ಕಟ್ಟಡದಲ್ಲಿ, ಅಂಗಡಿಯ ಬಾಡಿಗೆ ಇಲ್ಲ. ಗಿರಾಕಿಗಳು ಮೊದಲೇ ಅಲ್ಲಿ ಕೂತಿರುತ್ತಾರೆ. ಇಲ್ಲಿ ಗಿರಾಕಿ ಅಂಗಡಿಯನ್ನು ಹುಡುಕಿಕೊಂಡು ಬರುವುದಿಲ್ಲ, ಕಾಫಿಯೇ ಗಿರಾಕಿಯ ಹತ್ತಿರ ಹೋಗುತ್ತದೆ. ಈ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ.

ರಸ್ತೆ ಬದಲಾದರೆ ಗಿರಾಕಿ ಬದಲಾಗುತ್ತಾನೆ ಎಂಬುದಕ್ಕೂ ಹತ್ತಿರದ ಉದಾಹರಣೆ ಇದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಊರುಗಳ ಒಳಗೆ ಹೋಗದೆ ಕಾರುಗಳು ಹೊರಗಿನಿಂದಲೇ ಹೋಗತೊಡಗಿದವು. ಹಳೆ ರಸ್ತೆಯ ಹೋಟೆಲುಗಳ ವ್ಯಾಪಾರ ಕುಸಿಯಿತು. ರುಚಿ, ಬೆಲೆ ಯಾವುದೂ ಬದಲಾಗಿರಲಿಲ್ಲ. ಬದಲಾದದ್ದು 'ಪ್ಲೇಸ್' ಒಂದೇ. ನಮ್ಮ ಊರಿನ ಬಸ್ ನಿಲ್ದಾಣ ಸ್ಥಳಾಂತರವಾಗುವುದೂ ಇದೇ ಬಗೆಯದು.

ನಮ್ಮ ಹೋಟೆಲಿನ ಲೆಕ್ಕ

ಇಷ್ಟು ತಿಳಿದ ಮೇಲೆ ಅಬ್ಬು ಅವರ ಹತ್ತಿರ ಹೋಗಿ ಅಂಗಡಿ ಬದಲಿಸುವುದರ ಬಗ್ಗೆ ದೊಡ್ಡ ಭಾಷಣವನ್ನೇ ಮಾಡಿದೆ. ಅವರು ಎಲ್ಲ ಕೇಳಿ, "ಪೈಲೆ ಗಿರಾಕ್ ಕಾಂ ಹೈ ದೇಖ್" ಎಂದರು. ಮೊದಲು ಗಿರಾಕಿ ಎಲ್ಲಿದ್ದಾನೆ ನೋಡು ಎಂದರ್ಥ. ಪುಸ್ತಕದಲ್ಲಿ ಇಷ್ಟು ಪುಟ ಓದಿ ನಾನು ತಿಳಿದದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು.

ಸೋಮವಾರ, ಶುಕ್ರವಾರ, ಭಾನುವಾರ ಮೂರು ದಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಚಹಾ ಕುಡಿದವರನ್ನು ಎಣಿಸಿದೆ. ಯಾರು ಎಲ್ಲಿಂದ ಬಂದವರು ಎಂದು ಅಬ್ಬು ಹೇಳುತ್ತಿದ್ದರು, ನಾನು ಗೆರೆ ಎಳೆಯುತ್ತಿದ್ದೆ. ಸೋಮವಾರ ಒಟ್ಟು 418 ಚಹಾ. ಬಸ್ ಪ್ರಯಾಣಿಕರು 96, ಆಟೋ ಮತ್ತು ಬಸ್ ಚಾಲಕರು 62, ತರಕಾರಿ ಮಾರುಕಟ್ಟೆಯ ವ್ಯಾಪಾರಿಗಳು ಮತ್ತು ಹಮಾಲರು 171, ತಾಲ್ಲೂಕು ಕಚೇರಿಗೆ ಬಂದವರು 89. ಶುಕ್ರವಾರ ಜುಮ್ಮಾ ನಮಾಜ್ ಮುಗಿದ ಮೇಲೆ ಮಸೀದಿಯಿಂದ ಬಂದವರೇ 72 ಇದ್ದದ್ದರಿಂದ ಒಟ್ಟು 463. ಭಾನುವಾರ ಕಚೇರಿ ರಜೆ, ಒಟ್ಟು 264.

ನಮ್ಮ ಹೋಟೆಲಿಗೆ ಬಸ್ ನಿಲ್ದಾಣದವರೇ ಗಿರಾಕಿಗಳು ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದೆವು. ಎಣಿಸಿದಾಗ ಅದು ತಪ್ಪೆಂದು ಗೊತ್ತಾಯಿತು. ಉಳಿದ ದಿನಗಳಿಗೆ ಸೋಮವಾರದ ಲೆಕ್ಕವನ್ನೇ ಹಿಡಿದರೆ ದಿನಕ್ಕೆ ಸರಾಸರಿ 402 ಚಹಾ. ಅದರಲ್ಲಿ ಪ್ರಯಾಣಿಕರು ಮತ್ತು ಚಾಲಕರು ಸೇರಿ 155. ಉಳಿದ 247 ಚಹಾ ಬಸ್ಸಿಗೆ ಸಂಬಂಧವಿಲ್ಲದವರದ್ದು.

ಈಗ ಬ್ರೇಕ್ ಈವನ್ ನೋಡೋಣ. ನಮ್ಮ ಬಾಡಿಗೆ 9,000 ರೂಪಾಯಿ, ಇಬ್ಬರು ಕೆಲಸದವರಿಗೆ 24,000, ಕರೆಂಟು, ನೀರು ಮತ್ತಿತರ 3,000. ಒಟ್ಟು 36,000. ಒಂದು ಚಹಾಕ್ಕೆ 12 ರೂಪಾಯಿ, ಹಾಲು, ಪುಡಿ, ಸಕ್ಕರೆ, ಗ್ಯಾಸು ಸೇರಿ 7 ಹೋದರೆ 5 ರೂಪಾಯಿ ಉಳಿಯುತ್ತದೆ. ತಿಂಗಳಿಗೆ 7,200, ದಿನಕ್ಕೆ 240 ಚಹಾ ಮಾರಿದರೆ ಖರ್ಚು ಸರಿಹೋಗುತ್ತದೆ. ಈಗ ದಿನಕ್ಕೆ 162 ಚಹಾ ಹೆಚ್ಚಿಗೆ ಹೋಗುತ್ತಿದೆ, ಅದರ 810 ರೂಪಾಯಿಯೇ ನಮ್ಮ ಮನೆ ಖರ್ಚು, ನನ್ನ ಕಾಲೇಜು ಫೀಸು. ಬಸ್ ನಿಲ್ದಾಣ ಹೋದ ಮೇಲೆ ಉಳಿಯುವುದು 247. ಅಂದರೆ ಹೆಚ್ಚಿಗೆ 7 ಚಹಾ, ದಿನಕ್ಕೆ 35 ರೂಪಾಯಿ. ಈ ಅಂಕಿ ಬರೆದಾಗ ನನ್ನ ಪೆನ್ನು ನಿಂತಿತು.

ಹಾಗಾದರೆ ಹೊಸ ಜಾಗಕ್ಕೆ ಹೋಗೋಣವೇ? ಅಲ್ಲಿ ಬಾಡಿಗೆ 25,000. ಬ್ರೇಕ್ ಈವನ್ ದಿನಕ್ಕೆ 347 ಚಹಾಕ್ಕೆ ಏರುತ್ತದೆ. ಹಳೆ ಗಿರಾಕಿಗಳಲ್ಲಿ ಅಲ್ಲಿಗೆ ಬರಬಹುದಾದವರು 155 ಮಾತ್ರ. ಉಳಿದ 192 ಹೊಸಬರು ಬರುವವರೆಗೆ ಪ್ರತಿದಿನ ನಷ್ಟ. ಮೇಲಾಗಿ ಮೂರು ಲಕ್ಷ ಅಡ್ವಾನ್ಸ್ ಕೊಡಬೇಕು. ಅಬ್ಬು ಬಡ್ಡಿ ಸಾಲ ತೆಗೆಯುವವರಲ್ಲ. ಕಾಫಿ ಅಂಗಡಿಗಳ ಕಥೆ ಓದಿದ ಮೇಲೆ ನನಗೂ ಅದೇ ಸರಿ ಎನ್ನಿಸಿತು.

ಆಗ ಗೆರೆ ಎಳೆದಿಟ್ಟ ಮಾತು ನೆನಪಾಯಿತು. ಅಂಗಡಿ ಹೋಗದಿದ್ದರೂ ಚಹಾ ಹೋಗಬಹುದಲ್ಲ! ಭಾಯಿಜಾನ್ ಮೊಪೆಡ್ ಮೇಲೆ ಎರಡು ದೊಡ್ಡ ಫ್ಲಾಸ್ಕ್ ಇಟ್ಟುಕೊಂಡು ಹೊಸ ನಿಲ್ದಾಣದ ಹೊರಗಿನ ಆಟೋ ಸ್ಟ್ಯಾಂಡಿಗೆ ಬೆಳಿಗ್ಗೆ, ಸಂಜೆ ಹೋದರೆ ಬಾಡಿಗೆ ಇಲ್ಲ, ಪೆಟ್ರೋಲು ಮಾತ್ರ. ಹೋದ 155ರಲ್ಲಿ ಅರ್ಧದಷ್ಟಾದರೂ ಮರಳಿ ಸಿಕ್ಕರೆ ದಿನಕ್ಕೆ 390 ರೂಪಾಯಿ ಆಗುತ್ತದೆ. ಮೊದಲಿನ 810 ಆಗುವುದಿಲ್ಲ, ಆದರೆ 35 ಅಲ್ಲ. ಮಾರುಕಟ್ಟೆಯ ಅಂಗಡಿಗಳಿಗೂ ಕೂತಲ್ಲಿಗೇ ಚಹಾ ಕಳಿಸಬಹುದು ಎಂದು ಅಮ್ಮಿ ಸೇರಿಸಿದರು.

ಮೂರು ದಿನದ ಎಣಿಕೆಯಿಂದ ವರ್ಷದ ಮಾತು ಹೇಳಲಾಗದು. ರಂಜಾನ್ ತಿಂಗಳಲ್ಲಿ ನಮ್ಮ ಹೋಟೆಲು ಹಗಲು ಮುಚ್ಚಿ ತರಾವೀಹ್ ಆದ ಮೇಲೆ ನಡೆಯುತ್ತದೆ, ಆ ಲೆಕ್ಕವೇ ಬೇರೆ. ಆದರೂ ಅಬ್ಬು ಸದ್ಯಕ್ಕೆ ಹಳೆ ಜಾಗದಲ್ಲೇ ಇರುವುದು ಎಂದು ನಿರ್ಧರಿಸಿದ್ದಾರೆ. ಭಾಯಿಜಾನ್ ಫ್ಲಾಸ್ಕ್ ಬೆಲೆ ವಿಚಾರಿಸಿಕೊಂಡು ಬಂದಿದ್ದಾನೆ. ನಿಲ್ದಾಣ ಹೋದ ಮೇಲೆ ಮತ್ತೆ ಮೂರು ದಿನ ಎಣಿಸಬೇಕು ಎಂದು ನನಗೆ ಹೇಳಿದ್ದಾರೆ.

ಸ್ನೇಹಿತರೇ, ನಮ್ಮಲ್ಲಿ ಬಹಳ ಜನರ ಮನೆಯವರು ಅಂಗಡಿ, ಗ್ಯಾರೇಜು, ಹಣ್ಣಿನ ಗಾಡಿ, ಬೇಕರಿ ನಡೆಸುತ್ತಾರೆ. ಬಸ್ ನಿಲ್ದಾಣ ಹೋಗುವುದರಿಂದ ನಿಮ್ಮಲ್ಲೂ ಕೆಲವರ ಮನೆಯಲ್ಲಿ ಇದೇ ಚರ್ಚೆ ನಡೆದಿರಬಹುದು. ಒಂದು ನೋಟ್‌ಬುಕ್, ಒಂದು ಪೆನ್ನು ತೆಗೆದುಕೊಂಡು ಮೂರು ದಿನ ಗಿರಾಕಿಗಳನ್ನು ಎಣಿಸಿ ನೋಡಿ. ಯಾರು ಎಲ್ಲಿಂದ ಬರುತ್ತಾರೆ, ಯಾವ ಹೊತ್ತಿಗೆ ಬರುತ್ತಾರೆ ಎಂದು ಬರೆಯಿರಿ. ಲೆಕ್ಕ ಹಾಕುವುದು ಹೇಗೆಂದು ತಿಳಿಯದಿದ್ದರೆ ಮಧ್ಯಾಹ್ನದ ಬಿಡುವಿನಲ್ಲಿ ಕಾಮರ್ಸ್ ವಿಭಾಗಕ್ಕೆ ಬನ್ನಿ, ಕೂತು ಹಾಕೋಣ.